ಮೋಟಾರ್ ಹಿಂದಕ್ಕೂ ತಿರುಗಬೇಕು: ಟ್ರಾನ್ಸಿಸ್ಟರ್‌ಗಳಲ್ಲೇ ಎಚ್ ಬ್ರಿಡ್ಜ್

ಮಂಗಳೂರಿನಲ್ಲಿ ಏಪ್ರಿಲ್, ಮೇ ಅಂದರೆ ಟೆರೇಸಿನ ಮೇಲೆ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುವ ಕಾಲ. ಮಧ್ಯಾಹ್ನ ಸುಡುಬಿಸಿಲು, ಸಂಜೆ ಹೊತ್ತಿಗೆ ಒಂದು ಮಳೆ ಬಿದ್ದರೆ ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಹೋಯಿತು. ಈಗ ಮೇಜಿನ ಮೇಲೆ ಕಾಣುತ್ತಿರುವುದು ಅದಕ್ಕೊಂದು ಸಣ್ಣ ಏರ್ಪಾಡು. ಎರಡು ರಾಟೆ, ಅವುಗಳಿಗೆ ಸುತ್ತು ಹಾಕಿದ ನೈಲಾನ್ ಹಗ್ಗ, ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಶೀಟು, ಒಂದು 12 ವೋಲ್ಟಿನ ಗೇರ್ ಮೋಟಾರ್. ಮೋಟಾರ್ ಒಂದು ಕಡೆ ತಿರುಗಿದರೆ ಶೀಟು ಚಾಪೆಯನ್ನು ಮುಚ್ಚುತ್ತದೆ, ಇನ್ನೊಂದು ಕಡೆ ತಿರುಗಿದರೆ ತೆರೆಯುತ್ತದೆ. ಮಳೆ ಸೆನ್ಸರ್ ಇನ್ನೊಂದು ವಿಡಿಯೋಕ್ಕೆ ಇರಲಿ. ಇವತ್ತು ಮೋಟಾರನ್ನು ಎರಡೂ ಕಡೆ ತಿರುಗಿಸುವ ಸರ್ಕ್ಯೂಟ್ ಮಾತ್ರ.

ಡಿಸಿ ಮೋಟಾರಿನ ಎರಡು ವಯರ್ ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ. ಕೈಯಿಂದಲೇ ಸ್ವಿಚ್ ಒತ್ತುವುದಾದರೆ ಆರು ಕಾಲಿನ ಡಬಲ್ ಪೋಲ್ ಸ್ವಿಚ್ ಒಂದು ಸಾಕು, ಟ್ರಾನ್ಸಿಸ್ಟರ್ ಬೇಡವೇ ಬೇಡ. ಸೆನ್ಸರ್ ಅಥವಾ ಆರ್ಡುಯಿನೋ ಎಂಬ ಪ್ರೋಗ್ರಾಮ್ ಹಾಕುವ ಪುಟ್ಟ ಬೋರ್ಡ್ ಈ ಕೆಲಸ ಮಾಡಬೇಕು ಅಂದಾಗ ಎಚ್ ಬ್ರಿಡ್ಜ್ ಬೇಕಾಗುತ್ತದೆ.

ಚಿತ್ರ ನೋಡಿ. ಎಚ್ ಅಕ್ಷರದ ನಡುವಿನ ಅಡ್ಡಗೆರೆಯೇ ಮೋಟಾರ್. ಎಡಗಾಲಿನಲ್ಲಿ ಮೇಲೊಂದು ಕೆಳಗೊಂದು ಟ್ರಾನ್ಸಿಸ್ಟರ್, ಬಲಗಾಲಿನಲ್ಲೂ ಹಾಗೆಯೇ. ಎಡ ಮೇಲಿನದು ಮತ್ತು ಬಲ ಕೆಳಗಿನದು ಆನ್ ಆದರೆ ಕರೆಂಟ್ ಎಡದಿಂದ ಬಲಕ್ಕೆ ಹೋಗುತ್ತದೆ. ಇನ್ನೆರಡು ಆನ್ ಆದರೆ ಬಲದಿಂದ ಎಡಕ್ಕೆ. ಒಂದೇ ಕಾಲಿನ ಮೇಲಿನದು, ಕೆಳಗಿನದು ಒಟ್ಟಿಗೆ ಆನ್ ಆದರೆ ಮಾತ್ರ ಬ್ಯಾಟರಿಗೆ ನೇರ ಶಾರ್ಟ್. ಇದು ಆಗಲೇಬಾರದು.

ಬಿಡಿಭಾಗ ತರಲು ಹೋಗುವ ಮೊದಲು ಮೋಟಾರನ್ನು ಅಳೆಯಿರಿ. ಮಲ್ಟಿಮೀಟರ್ ಓಮ್‌ನಲ್ಲಿ ಇಟ್ಟು ಮೋಟಾರಿನ ಎರಡು ತುದಿಗೆ ಹಿಡಿಯಿರಿ, ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಿ, ಸಿಗುವ ಅತಿ ಕಡಿಮೆ ರೀಡಿಂಗ್ ಬರೆದುಕೊಳ್ಳಿ. ಈ ಮೋಟಾರಿನಲ್ಲಿ ಅದು 20 ಓಮ್. 12 ವೋಲ್ಟನ್ನು 20ರಿಂದ ಭಾಗಿಸಿದರೆ 0.6 ಆಂಪ್. ಶಾಫ್ಟ್ ಸಿಕ್ಕಿಹಾಕಿಕೊಂಡಾಗ ಮೋಟಾರ್ ಎಳೆಯುವ ಕರೆಂಟ್ ಇದು. ಖಾಲಿ ತಿರುಗುವಾಗ 80 ಮಿಲಿಆಂಪ್ ಮಾತ್ರ ಎಳೆಯುತ್ತದೆ. ಆದರೆ ಪ್ರತಿ ಸಲ ಸ್ಟಾರ್ಟ್ ಆಗುವಾಗಲೂ ಮೊದಲ ಕ್ಷಣಕ್ಕೆ ಆ 0.6 ಆಂಪ್ ಹರಿದೇ ಹರಿಯುತ್ತದೆ. ಅದಕ್ಕೇ ನಮ್ಮ ಲೆಕ್ಕವೆಲ್ಲ 0.6ಕ್ಕೆ, 80 ಮಿಲಿಆಂಪಿಗೆ ಅಲ್ಲ.

ಕೆಳಗೆ ಎರಡು ಬಿ.ಡಿ. 139, ಮೇಲೆ ಎರಡು ಬಿ.ಡಿ. 140. ಮೊದಲನೆಯದು ಎನ್‌ಪಿಎನ್, ಎರಡನೆಯದು ಅದರ ಜೋಡಿ ಪಿಎನ್‌ಪಿ, ಎರಡೂ 1.5 ಆಂಪಿನವು. ಟ್ರಾನ್ಸಿಸ್ಟರಿಗೆ ಮೂರು ಕಾಲು. ಬೇಸಿನಲ್ಲಿ ಸಣ್ಣ ಕರೆಂಟ್ ಹರಿದರೆ ಕಲೆಕ್ಟರ್, ಎಮಿಟರ್ ನಡುವೆ ದೊಡ್ಡ ಕರೆಂಟ್ ಹರಿಯುತ್ತದೆ. ಎನ್‌ಪಿಎನ್ ಆನ್ ಆಗಲು ಬೇಸಿನ ವೋಲ್ಟೇಜ್ ಎಮಿಟರಿಗಿಂತ ಮೇಲೆ ಇರಬೇಕು, ಪಿಎನ್‌ಪಿಗೆ ಕೆಳಗೆ. ಕಾಲೇಜು ಲ್ಯಾಬಿನ ಹಳೇ ಡಬ್ಬದಲ್ಲಿ ಎಸ್.ಎಲ್. 100, ಎಸ್.ಕೆ. 100 ಜೋಡಿ ಸಿಕ್ಕೀತು. ಆದರೆ ಅವುಗಳ ಮಿತಿ ಅರ್ಧ ಆಂಪ್. ಆಟಿಕೆ ಮೋಟಾರಿಗೆ ನಡೆದೀತು, ಇದಕ್ಕೆ ಬೇಡ.

ಮೇಲೆ ಪಿಎನ್‌ಪಿ ಯಾಕೆ, ನಾಲ್ಕೂ ಎನ್‌ಪಿಎನ್ ಹಾಕಿದರೆ ಎಂತ ಆಗುತ್ತದೆ? ಮೇಲಿನ ಎನ್‌ಪಿಎನ್‌ನ ಎಮಿಟರ್ ಮೋಟಾರಿನ ಕಡೆ ಇರುತ್ತದೆ. ಎಮಿಟರ್ ಯಾವಾಗಲೂ ಬೇಸಿಗಿಂತ ಸುಮಾರು 0.7 ವೋಲ್ಟ್ ಕೆಳಗೇ ಉಳಿಯುತ್ತದೆ. ಬೇಸಿಗೆ 5 ವೋಲ್ಟ್ ಕೊಟ್ಟರೆ ಮೋಟಾರಿನ ಕಡೆ 4.3 ವೋಲ್ಟ್ ಮಾತ್ರ, ಉಳಿದ 7.7 ವೋಲ್ಟ್ ಟ್ರಾನ್ಸಿಸ್ಟರಿನ ಮೈಮೇಲೆ. 0.2 ಆಂಪ್ ಹರಿದರೂ ಒಂದೂವರೆ ವಾಟ್ ಬಿಸಿ. ಹೀಟ್ ಸಿಂಕ್ ಇಲ್ಲದ ಬಿ.ಡಿ. 139 ತಡೆಯುವುದು 1.25 ವಾಟ್. ಮೋಟಾರ್ ಸೋತು ಸೋತು ತಿರುಗುತ್ತದೆ, ಟ್ರಾನ್ಸಿಸ್ಟರ್ ಮುಟ್ಟಿದರೆ ಕೈ ಸುಡುತ್ತದೆ. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಪಿಎನ್‌ಪಿಯ ಬೇಸನ್ನು ಒಂದು ರೆಸಿಸ್ಟರ್ ಹಾಕಿ ನೇರ ಆರ್ಡುಯಿನೋ ಪಿನ್ನಿಗೆ ಕೊಡುವುದು. ಎಮಿಟರ್ 12 ವೋಲ್ಟಿನಲ್ಲಿ ಉಂಟು. ಪಿನ್ ಹೈ ಆದಾಗಲೂ 5 ವೋಲ್ಟೇ, ಅಂದರೆ ಎಮಿಟರಿಗಿಂತ 7 ವೋಲ್ಟ್ ಕೆಳಗೆ. ಆ ಟ್ರಾನ್ಸಿಸ್ಟರ್ ಆಫ್ ಆಗುವುದೇ ಇಲ್ಲ, ಮೇಲಿಂದ ಕರೆಂಟ್ ಪಿನ್ನಿನೊಳಗೆ ನುಗ್ಗುತ್ತದೆ. ಹಾಗಾಗಿ ನಡುವೆ ಒಂದು ಸಣ್ಣ ಎನ್‌ಪಿಎನ್ ಟ್ರಾನ್ಸಿಸ್ಟರ್, ಬಿ.ಸಿ. 547, ಬೇಕೇ ಬೇಕು.

ಅದನ್ನು ಎಲ್ಲಿ ಹಾಕುತ್ತೇವೆ ಎಂಬುದರಲ್ಲಿ ಈ ಸರ್ಕ್ಯೂಟಿನ ಜಾಣತನ ಉಂಟು. ಎಡ ಮೇಲಿನ ಬಿ.ಡಿ. 140ರ ಬೇಸಿನಿಂದ 220 ಓಮ್ ರೆಸಿಸ್ಟರ್, ಅಲ್ಲಿಂದ ಬಿ.ಸಿ. 547ರ ಕಲೆಕ್ಟರ್. ಅದರ ಎಮಿಟರ್ ಗ್ರೌಂಡಿಗೆ ಹೋಗುವುದಿಲ್ಲ, ಬಲ ಕೆಳಗಿನ ಬಿ.ಡಿ. 139ರ ಬೇಸಿಗೆ ಹೋಗುತ್ತದೆ. ಹೀಗೆ ಮಾಡಿದಾಗ ಮೇಲಿನದರ ಬೇಸಿನಿಂದ ಹೊರಟ ಕರೆಂಟೇ ಕೆಳಗಿನದರ ಬೇಸಿಗೆ ಸಿಗುತ್ತದೆ. ಒಂದೇ ಕರೆಂಟ್ ಎರಡು ಕೆಲಸ ಮಾಡುತ್ತದೆ, ಮೂಲೆಯಿಂದ ಮೂಲೆಗೆ ಜೋಡಿ ಒಟ್ಟಿಗೇ ಆನ್, ಒಟ್ಟಿಗೇ ಆಫ್. ಇನ್ನೊಂದು ಜೋಡಿಗೂ ಇದೇ ರೀತಿ.

220 ಓಮ್ ಎಲ್ಲಿಂದ ಬಂತು? 12 ವೋಲ್ಟಿನಲ್ಲಿ ಎರಡು ಬೇಸುಗಳಿಗೆ 0.8ರಂತೆ 1.6, ಬಿ.ಸಿ. 547ಕ್ಕೆ 0.2 ಕಳೆಯಿರಿ. ಉಳಿದದ್ದು 10.2. ಅದನ್ನು 220ರಿಂದ ಭಾಗಿಸಿದರೆ 46 ಮಿಲಿಆಂಪ್. ಬಿ.ಸಿ. 547ರ ಮಿತಿ 100, ಅಲ್ಲಿ ತೊಂದರೆ ಇಲ್ಲ. ಮೋಟಾರಿಗೆ 600, ಬೇಸಿಗೆ 46, ಅಂದರೆ ಹದಿಮೂರಕ್ಕೆ ಒಂದು. ಡೇಟಾಶೀಟಿನಲ್ಲಿ ಗೇನ್, ಅಂದರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಎಂಬ ಲೆಕ್ಕ, 40, 100 ಅಂತ ನೋಡಿ ಬೇಸಿಗೆ 5 ಮಿಲಿಆಂಪ್ ಸಾಕು ಅಂದುಕೊಳ್ಳುವವರೇ ಹೆಚ್ಚು. ಅರ್ಧ ಆಂಪಿನಲ್ಲಿ ಬಿ.ಡಿ. 139ರ ಗೇನ್ 25ಕ್ಕೆ ಇಳಿಯಬಹುದು. ಅದೂ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗದ ಸ್ಥಿತಿಯ ಲೆಕ್ಕ. ಸ್ವಿಚ್ ಹಾಗೆ ಪೂರ್ತಿ ಆನ್ ಆಗಬೇಕಾದರೆ ಹತ್ತಕ್ಕೆ ಒಂದು, ಹೆಚ್ಚೆಂದರೆ ಹದಿನೈದಕ್ಕೆ ಒಂದು ಕೊಡಲೇಬೇಕು. ಬೇಸ್ ಕರೆಂಟಿನಲ್ಲಿ ಕಂಜೂಸಿ ಮಾಡಿದರೆ ಅದು ಟ್ರಾನ್ಸಿಸ್ಟರಿನ ಬಿಸಿಯಾಗಿ ಹೊರಗೆ ಬರುತ್ತದೆ.

ಈ 220 ಓಮ್ ರೆಸಿಸ್ಟರಿನಲ್ಲಿ ಸುಮಾರು ಅರ್ಧ ವಾಟ್ ಬಿಸಿಯಾಗುತ್ತದೆ. ಅಂಗಡಿಯಲ್ಲಿ ಒಂದು ವಾಟಿನದ್ದು ಅಂತಲೇ ಕೇಳಿ. ಕಾಲು ವಾಟಿನದ್ದು ಹಾಕಿದರೆ ಬಣ್ಣದ ಪಟ್ಟಿ ಕಪ್ಪಾಗುವುದು ಗ್ಯಾರಂಟಿ.

ಬಿ.ಸಿ. 547ರ ಬೇಸಿಗೆ ಇನ್‌ಪುಟ್ಟಿನಿಂದ 1 ಕಿಲೋಓಮ್, ಇನ್‌ಪುಟ್ಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಈ ಹತ್ತು ಕಿಲೋಓಮ್ ಬಿಡಬೇಡಿ. ಆರ್ಡುಯಿನೋ ಆನ್ ಆಗುವಾಗ ಪಿನ್‌ಗಳು ಸ್ವಲ್ಪ ಹೊತ್ತು ಯಾರ ಮಾತೂ ಕೇಳದೆ ತೇಲುತ್ತಿರುತ್ತವೆ, ಆಗ ಮೋಟಾರ್ ಸುಮ್ಮನೆ ಕುಲುಕುತ್ತದೆ. ನಾಲ್ಕು ದೊಡ್ಡ ಟ್ರಾನ್ಸಿಸ್ಟರ್‌ಗಳಿಗೂ ಬೇಸ್ ಮತ್ತು ಎಮಿಟರ್ ನಡುವೆ ಒಂದೊಂದು 1 ಕಿಲೋಓಮ್ ಹಾಕಿ, ಬೇಗ ಆಫ್ ಆಗಲು.

ಎರಡೂ ಇನ್‌ಪುಟ್ ಒಟ್ಟಿಗೆ ಹೈ ಆದರೆ? ನಾಲ್ಕೂ ಆನ್, ಶಾರ್ಟ್. ಪ್ರೋಗ್ರಾಮಿನಲ್ಲಿ ನೋಡಿಕೊಳ್ಳುತ್ತೇನೆ ಅಂತ ಬಿಡುವುದು ಸರಿಯಲ್ಲ. ಇನ್ನೆರಡು ಬಿ.ಸಿ. 547 ಸೇರಿಸಿ. ಒಂದರ ಬೇಸ್ 10 ಕಿಲೋಓಮ್ ಮೂಲಕ ಮೊದಲ ಇನ್‌ಪುಟ್ಟಿಗೆ, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಎದುರು ಜೋಡಿಯ ಬಿ.ಸಿ. 547ರ ಬೇಸಿಗೆ. ಇನ್ನೊಂದು ಇದರ ಪ್ರತಿಬಿಂಬ. ಈಗ ಒಂದು ಹೈ ಇದ್ದರೆ ಇನ್ನೊಂದರ ಬೇಸ್ ನೆಲಕ್ಕೆ ಎಳೆದು ಹಿಡಿದಂತೆ. ಎರಡೂ ಹೈ ಆದರೆ ಎರಡೂ ಆಫ್, ಮೋಟಾರ್ ನಿಲ್ಲುತ್ತದೆ, ಏನೂ ಸುಡುವುದಿಲ್ಲ.

ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ನಾಲ್ಕು, 1 ಎನ್ 4007. ಮೋಟಾರಿನ ತಂತಿ ಸುರುಳಿಯಲ್ಲಿ ಹರಿಯುತ್ತಿದ್ದ ಕರೆಂಟ್ ಟ್ರಾನ್ಸಿಸ್ಟರ್ ಆಫ್ ಆದ ಕೂಡಲೇ ನಿಲ್ಲುವುದಿಲ್ಲ, ಅದಕ್ಕೊಂದು ದಾರಿ ಬೇಕು. ಪ್ರತಿ ಟ್ರಾನ್ಸಿಸ್ಟರಿಗೆ ಒಂದೊಂದು ಅಡ್ಡ ಹಾಕಿ, ಬೆಳ್ಳಿ ಪಟ್ಟಿ ಯಾವಾಗಲೂ ಪ್ಲಸ್ ಕಡೆಗೆ. ಮೇಲಿನ ಒಂದು, ಅದೇ ಕಾಲಿನ ಕೆಳಗಿನ ಒಂದು, ಎರಡೂ ಉಲ್ಟಾ ಆದರೆ ಅದೂ ಶಾರ್ಟೇ. ಪಿಡಬ್ಲ್ಯೂಎಂ, ಅಂದರೆ ಬೇಗ ಬೇಗ ಆನ್ ಆಫ್ ಮಾಡುವ ವಿಧಾನ, ಹಾಕಿ ವೇಗ ಬದಲಿಸುವ ಯೋಚನೆ ಇದ್ದರೆ 4007 ನಿಧಾನ, 1 ಎನ್ 5819 ತನ್ನಿ. ಸಪ್ಲೈಗೆ ಹತ್ತಿರದಲ್ಲಿ 470 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್, ಮೋಟಾರಿನ ಕಾಲುಗಳಿಗೇ ಬೆಸುಗೆ ಹಾಕಿದ 104 ಡಿಸ್ಕ್ ಕೆಪಾಸಿಟರ್ (0.1 ಮೈಕ್ರೋಫ್ಯಾರಡ್) ಒಂದು.

ಕ್ಯಾಮೆರಾ ಹತ್ತಿರ ತರುತ್ತೇನೆ. ಬಿ.ಡಿ. 139ರ ಬರಹ ನಿಮ್ಮ ಕಡೆ ಇದ್ದಾಗ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. 140ರದ್ದೂ ಅದೇ. ಬಿ.ಸಿ. 547ರ ಚಪ್ಪಟೆ ಮುಖ ನಿಮ್ಮ ಕಡೆ ಇದ್ದಾಗ ಕಲೆಕ್ಟರ್, ಬೇಸ್, ಎಮಿಟರ್. ಬೇಸ್ ಒಂದರಲ್ಲಿ ಬದಿಗೆ, ಇನ್ನೊಂದರಲ್ಲಿ ನಡುವೆ. ಮೊದಲ ಸಲ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಈಗ ಬಿ.ಡಿ. 139ರ ಬೆನ್ನು ನೋಡಿ, ಈ ಹೊಳೆಯುವ ಲೋಹ ಕಲೆಕ್ಟರಿಗೆ ಸೇರಿದ್ದು. ಎಡಗಾಲಿನ 139 ಮತ್ತು 140ರ ಕಲೆಕ್ಟರ್‌ಗಳು ಹೇಗೂ ಮೋಟಾರಿನ ಒಂದೇ ತುದಿಯಲ್ಲಿ ಸೇರುತ್ತವೆ. ಆದ್ದರಿಂದ ಅವೆರಡನ್ನೂ ಒಂದೇ ಅಲ್ಯೂಮಿನಿಯಂ ತುಂಡಿಗೆ ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಇಲ್ಲದೆ ಸ್ಕ್ರೂ ಹಾಕಬಹುದು. ಬಲಗಾಲಿನ ಜೋಡಿಗೆ ಬೇರೆ ತುಂಡು. ಎರಡು ತುಂಡುಗಳು ಪರಸ್ಪರ ಮುಟ್ಟಬಾರದು.

ಬ್ರೆಡ್‌ಬೋರ್ಡಿನಲ್ಲಿ ಪ್ರಯೋಗ ಮಾಡಿ, ಅಲ್ಲೇ ಬಿಡಬೇಡಿ. ಕಡಲ ಕಡೆಯ ಉಪ್ಪು ಗಾಳಿಗೆ ಅದರೊಳಗಿನ ಹಿಡಿಕೆಗಳು ಮಂಕಾಗುತ್ತವೆ, ಅರ್ಧ ಆಂಪ್ ಹರಿಯುವಾಗ ಅಲ್ಲೇ ವೋಲ್ಟೇಜ್ ಕಳೆದುಹೋಗುತ್ತದೆ. ತೂತುಗಳಷ್ಟೇ ಇರುವ ಖಾಲಿ ಬೋರ್ಡಿನಲ್ಲಿ, ಅಂದರೆ ಜೀರೋ ಪಿಸಿಬಿಯಲ್ಲಿ, ಬೆಸುಗೆ ಹಾಕಿ. ಬೆಸುಗೆಯ ನಂತರ ಉಳಿದ ಫ್ಲಕ್ಸನ್ನು, ಅಂದರೆ ಬೆಸುಗೆ ಹಿಡಿಯಲು ಬಳಸುವ ಅಂಟನ್ನು, ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ತೇವದಲ್ಲಿ ಉಳಿದ ಫ್ಲಕ್ಸ್ ನೀರು ಹೀರಿ ಹಸಿರು ಪಾಚಿ ಹಿಡಿದ ಹಾಗೆ ತಾಮ್ರವನ್ನು ತಿನ್ನುತ್ತದೆ. ಒಣಗಿದ ಮೇಲೆ ಪಿಸಿಬಿ ಲ್ಯಾಕರ್ ಒಂದು ಕೋಟ್.

ಮೊದಲ ಸಲ ಕರೆಂಟ್ ಕೊಡುವಾಗ ಮೋಟಾರ್ ಬೇಡ. ಸಪ್ಲೈ ಪ್ಲಸ್ಸಿಗೆ ಸರಣಿಯಲ್ಲಿ ಬೈಕಿನ 12 ವೋಲ್ಟ್, 10 ವಾಟ್ ಇಂಡಿಕೇಟರ್ ಬಲ್ಬ್ ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ. ಎರಡೂ ಇನ್‌ಪುಟ್ ಒಂದೊಂದಾಗಿ, ಮತ್ತೆ ಒಟ್ಟಿಗೆ ಹೈ ಮಾಡಿ ನೋಡಿ, ಬಲ್ಬ್ ಯಾವಾಗಲೂ ಕತ್ತಲೆಯಾಗಿರಬೇಕು. ಆಮೇಲೆ ಬಲ್ಬ್ ತೆಗೆದು ಮೋಟಾರ್ ಜೋಡಿಸಿ, ಹಗ್ಗಕ್ಕೆ ಸ್ವಲ್ಪ ಭಾರ ಕಟ್ಟಿ, ಆನ್ ಇರುವ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಕಡಿಮೆ ಇದ್ದರೆ ಸರಿ. ಒಂದು ವೋಲ್ಟ್ ದಾಟಿದರೆ ಬೇಸ್ ಕರೆಂಟ್ ಕಡಿಮೆ, ಅಥವಾ ಎಮಿಟರ್ ಕಲೆಕ್ಟರ್ ಅದಲುಬದಲು.

ದಿಕ್ಕು ಬದಲಿಸುವ ಮೊದಲು ಅರ್ಧ ಸೆಕೆಂಡ್ ಎರಡೂ ಇನ್‌ಪುಟ್ ಲೋ ಇಡಿ. ತಿರುಗುತ್ತಿರುವ ಮೋಟಾರ್ ಡೈನಮೋ ಕೂಡ ಹೌದು. ಅದು ಹುಟ್ಟಿಸುವ ವೋಲ್ಟೇಜ್ ಸಪ್ಲೈ ಜೊತೆ ಕೂಡಿಕೊಂಡರೆ ಕರೆಂಟ್ 0.6ರ ಬದಲು ಒಂದು ಆಂಪಿನ ಮೇಲೆ ಹಾರುತ್ತದೆ.

ಕೊನೆಗೆ ಶೀಟು ತುದಿ ಮುಟ್ಟಿದಾಗ ನಿಲ್ಲಬೇಕಲ್ಲ. ಎರಡು ತುದಿಗೂ ಮೈಕ್ರೋ ಸ್ವಿಚ್, ಮಾಮೂಲಿಯಾಗಿ ಮುಚ್ಚಿರುವ ಕಾಲುಗಳು ಮೋಟಾರಿಗೆ ಸರಣಿಯಲ್ಲಿ, ಪ್ರತಿ ಸ್ವಿಚ್ಚಿಗೆ ಅಡ್ಡವಾಗಿ ಇನ್ನೊಂದು 4007. ಸ್ವಿಚ್ ತೆರೆದಾಗ ಆ ದಿಕ್ಕಿನ ಕರೆಂಟ್ ಕಟ್, ಹಿಂದಕ್ಕೆ ಬರುವ ಕರೆಂಟಿಗೆ ಡಯೋಡ್ ದಾರಿ ಬಿಡುತ್ತದೆ. ತುದಿಯಲ್ಲಿ ನಿಂತದ್ದು ಹಿಂದೆ ಬರದಿದ್ದರೆ ಡಯೋಡಿನ ಬೆಸುಗೆ ಬಿಟ್ಟಿದೆ. ತುದಿ ಮುಟ್ಟಿದರೂ ನಿಲ್ಲದೆ ಒತ್ತುತ್ತಿದ್ದರೆ ಡಯೋಡ್‌ಗಳು ಉಲ್ಟಾ ಕೂತಿವೆ, ಇಲ್ಲವೇ ಸ್ವಿಚ್‌ಗಳು ಅದಲುಬದಲಾಗಿವೆ. ಮೋಟಾರಿನ ಎರಡು ವಯರ್ ಬಿಚ್ಚಿ ತಿರುಗಿಸಿ ಹಾಕಿ, ಸರಿಯಾಗುತ್ತದೆ. ಆಗ ತೆರೆಯುವ ಇನ್‌ಪುಟ್ ಮುಚ್ಚುವ ಇನ್‌ಪುಟ್ ಆಗಿರುತ್ತದೆ, ಪ್ರೋಗ್ರಾಮಿನಲ್ಲಿ ಆ ಎರಡು ಪಿನ್ ನಂಬರ್ ಬದಲಿಸಲು ಮರೆಯಬೇಡಿ.