ಹತ್ತಿಗೆ ವೈರಸ್ ಬಂದರೆ ಮೊದಲು ಬದು ನೋಡಿ

ಆಂಧ್ರದ ಆದೋನಿ, ಆಲೂರು, ಕೌತಾಳಂ ಕಡೆಯಿಂದ ಬಂದಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ.

ಹತ್ತಿ ಎಲೆ ಸುಟ್ಟ ಹಾಗೆ ಕಂಡ ಕೂಡಲೇ ನಾವು ಔಷಧಿ ಅಂಗಡಿಗೆ ಓಡುತ್ತೇವೆ, ಅಲ್ವಾ? ಆದರೆ ಗಿಡದೊಳಗೆ ಸೇರಿದ ವೈರಸ್ ತೆಗೆಯುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಇದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ದುಡ್ಡು ಕೊಡಬೇಡಿ.

ಪಂಜಾಬ್, ಹರಿಯಾಣ, ರಾಜಸ್ಥಾನದ ಹತ್ತಿಗೆ ಬರುವ ಎಲೆ ಮುದುಡು ರೋಗವನ್ನು ಬಿಳಿ ನೊಣ ಹರಡುತ್ತದೆ. ಆ ವೈರಸ್ ನೊಣದ ಹೊಟ್ಟೆಗೆ ಹೋಗಿ, ಎಂಜಲಿನ ಜೊತೆ ಹೊಸ ಗಿಡಕ್ಕೆ ಇಳಿಯುತ್ತದೆ. ನಾನು ಇವತ್ತು ಹೇಳೋದು ಅದಲ್ಲ, ಎಲೆ ಸುಟ್ಟ ಹಾಗೆ ಮಾಡುವ ಟೊಬ್ಯಾಕೊ ಸ್ಟ್ರೀಕ್ ವೈರಸ್ ಬಗ್ಗೆ. ಇದರ ದಾರಿಯೇ ಬೇರೆ. ಇದು ಕೂತಿರೋದು ಪರಾಗದಲ್ಲಿ, ಅದರಲ್ಲೂ ಪಾರ್ಥೇನಿಯಂ ಅನ್ನೋ ಕಳೆ ಗಿಡದ (ಕಾಂಗ್ರೆಸ್ ಹುಲ್ಲು) ಹೂವಿನ ಪರಾಗದಲ್ಲಿ. ಆ ಗಿಡ ನೋಡಿದರೆ ರೋಗದ ಗುರುತೇ ಇರೋದಿಲ್ಲ, ಹಸಿರಾಗಿ ಸೊಂಪಾಗಿ ಬೆಳೆದಿರುತ್ತದೆ. ಥ್ರಿಪ್ಸ್ ಅನ್ನೋ ಸಣ್ಣ ಹುಳ ಆ ಹೂವಿನಲ್ಲಿ ಓಡಾಡಿ, ಮೈಗೆಲ್ಲ ಪರಾಗ ಮೆತ್ತಿಕೊಂಡು ಹತ್ತಿಗೆ ಬರುತ್ತದೆ, ಎಲೆ ಕೆರೆದು ರಸ ಹೀರುತ್ತದೆ, ಆ ಗಾಯದಲ್ಲೇ ವೈರಸ್ ಒಳಗೆ ಹೋಗುತ್ತದೆ. ಗಾಳಿಗೆ ಹಾರಿ ಬಂದು ಎಲೆ ಮೇಲೆ ಬಿದ್ದ ಪರಾಗವೂ ಸಾಕು, ಕೆರೆಯೋಕೆ ಒಂದು ಥ್ರಿಪ್ಸ್ ಇದ್ದರೆ ಆಯಿತು.

ಈಗ ಇದಕ್ಕೆ ಹವಾಮಾನ ಸೇರಿಸಿ ನೋಡಿ. ಬಿತ್ತನೆಗೆ ಮೊದಲೇ ಒಳ್ಳೆ ಮಳೆ ಬಿದ್ದರೆ ಬದು, ರಸ್ತೆ ಪಕ್ಕ, ಬೀಳು ಹೊಲ ಎಲ್ಲ ಕಡೆ ಪಾರ್ಥೇನಿಯಂ ಏಳುತ್ತದೆ. ಹತ್ತಿ ಇನ್ನೂ ಎಳೆಯದಾಗಿರುವಾಗಲೇ ಅದು ಹೂ ಬಿಟ್ಟಿರುತ್ತದೆ. ಆಗ ಮಳೆ ಕೈಕೊಟ್ಟು ಒಣ ಗಾಳಿ ಬೀಸಿದರೆ ಥ್ರಿಪ್ಸ್ ಜಾಸ್ತಿಯಾಗುತ್ತದೆ, ಪರಾಗವೂ ಹಾರುತ್ತದೆ. ಜೋರು ಮಳೆ ಬಂದರೆ ಥ್ರಿಪ್ಸ್ ತೊಳೆದು ಹೋಗುತ್ತದೆ. 2000ದಲ್ಲಿ ಪಕ್ಕದ ಅನಂತಪುರದಲ್ಲಿ ಶೇಂಗಾ ಸತ್ತದ್ದು ಇದೇ ವೈರಸ್‌ನಿಂದ. ಸುಮಾರು 2.25 ಲಕ್ಷ ಹೆಕ್ಟೇರ್, 300 ಕೋಟಿ ರೂಪಾಯಿಗೂ ಮೀರಿದ ನಷ್ಟ. ಆ ನೋವು ಅನುಭವಿಸಿದವರು ಈ ಭಾಗದಲ್ಲಿ ಇನ್ನೂ ಇದ್ದಾರೆ.

ಎಲೆ ಕೆಂಪಾದದ್ದೆಲ್ಲ ವೈರಸ್ ಅಲ್ಲ. ಎಲೆ ಅಂಚು ಹಳದಿಯಾಗಿ, ಆಮೇಲೆ ಕೆಂಪಾಗಿ, ಕೆಳಗೆ ಮುದುಡಿದರೆ ಅದು ಜಿಗಿಹುಳು. ಎಳೆ ಎಲೆಯಲ್ಲಿ ಕಂದು ಕಲೆ ಎದ್ದು ಒಣಗಿ, ಸಣ್ಣ ಮೊಗ್ಗೂ ಒಣಗುತ್ತಿದ್ದರೆ ವೈರಸ್ ಅಂತ ಅನುಮಾನ ಪಡಿ. ಎರಡಕ್ಕೂ ಒಂದೇ ಔಷಧಿ ಸುಮ್ನೆ ಹೊಡೆಯಬೇಡಿ. ಪೈರೆಥ್ರಾಯ್ಡ್ ಅನ್ನೋ ಗುಂಪಿನ ಕೀಟನಾಶಕ ಪದೇ ಪದೇ ಹೊಡೆದರೆ ಬಿಳಿ ನೊಣ ಇನ್ನೂ ಹೆಚ್ಚುತ್ತದೆ, ಅದನ್ನು ತಿನ್ನುವ ಹುಳಗಳು ಸತ್ತಿರುತ್ತವೆ.

ಪಾರ್ಥೇನಿಯಂ ಅನ್ನು ಹೂ ಬಿಡುವ ಮುಂಚೆಯೇ ಕೀಳಬೇಕು. ಹೂ ಬಂದ ಮೇಲೆ ಕಿತ್ತು ಬದುವಿನ ಮೇಲೆ ಹಾಕಿದರೆ ಪರಾಗ ಅಲ್ಲೇ ಉಳಿಯುತ್ತದೆ. ಹೊಲದ ಸುತ್ತ ನಾಲ್ಕೈದು ಸಾಲು ಜೋಳ ಒತ್ತಾಗಿ ಹಾಕಿ, ಹಾರಿ ಬರುವ ಥ್ರಿಪ್ಸ್ ಮತ್ತು ಪರಾಗಕ್ಕೆ ಅದು ಅಡ್ಡ ಬರುತ್ತದೆ. ರಸ್ತೆ ಪಕ್ಕದ್ದು ಯಾರ ಹೊಲವೂ ಅಲ್ಲ, ಅದಕ್ಕೇ ಯಾರೂ ಕೀಳೋದಿಲ್ಲ. ಅದನ್ನು ಪಂಚಾಯಿತಿಯಲ್ಲಿ ಕೇಳಿ, ಮುಂಗಾರು ಹಿಡಿದ ಮೂರನೇ ವಾರದೊಳಗೆ ಊರಿನವರೆಲ್ಲ ಸೇರಿ ಕೀಳಿಸಿ.