ಮದ್ದಿನ ಚೀಟಿಯ ವ್ಯಾಕರಣ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ವಾಕ್ಯ ಓದುತ್ತೇನೆ, ಕೇಳಿ. ‘ಮೈಲುತುತ್ತಿನ ನೀರು ಮತ್ತು ಸುಣ್ಣದ ನೀರನ್ನು ಚೆನ್ನಾಗಿ ಬೆರೆಸಿ.’

ಅಡಿಕೆ ತೋಟ ಇರುವವರಿಗೆ ಇದು ಏನೆಂದು ಕೂಡಲೇ ಗೊತ್ತಾಗುತ್ತದೆ. ಮಳೆಗಾಲ ಹಿಡಿಯುವ ಮೊದಲು ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ವಾಕ್ಯ ಚಿಕ್ಕದು, ಕಾಗುಣಿತ ಸರಿ, ವ್ಯಾಕರಣವೂ ಸರಿ. ಬರವಣಿಗೆ ತಿದ್ದುವ ಸಾಫ್ಟ್‌ವೇರ್ ಇದರ ಕೆಳಗೆ ಗೆರೆ ಎಳೆಯಲು ಕಾರಣವೇ ಇಲ್ಲ. ಆದರೆ ಮದ್ದು ಮಾಡುವವರಿಗೆ ಬೇಕಾದ ಮಾತೇ ಇದರಲ್ಲಿಲ್ಲ. ಯಾವುದನ್ನು ಯಾವುದಕ್ಕೆ ಸುರಿಯಬೇಕು?

ಶೇಕಡಾ 1ರ ಮದ್ದಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಬೇರೆ ಕರಗಿಸಬೇಕು. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಕಲಸಬೇಕು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕದಡಬೇಕು. ತಿರುಗಾಮುರುಗಾ ಮಾಡಿದರೆ ಮದ್ದು ಹದಕ್ಕೆ ಬರುವುದಿಲ್ಲ. ಕೊನೆಗೆ ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ಬಣ್ಣ ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಆಗ ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಇಲ್ಲದಿದ್ದರೆ ಆ ತಾಮ್ರ ಎಳೆಯ ಭಾಗಗಳನ್ನು ಸುಡುತ್ತದೆ.

ನೋಡಿ, ‘ಚೆನ್ನಾಗಿ ಬೆರೆಸಿ’ ಎನ್ನುವ ಎರಡು ಪದದ ಹಿಂದೆ ಇಷ್ಟೆಲ್ಲ ಅಡಗಿದೆ.

ಬರವಣಿಗೆಯನ್ನು ಯಂತ್ರ ಪರೀಕ್ಷೆ ಮಾಡುವುದು ಹೊಸದೇನಲ್ಲ. 1970ರ ದಶಕದ ಕೊನೆಯಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೊರಿಂಡಾ ಚೆರ್ರಿ ಮತ್ತು ಅವರ ಜೊತೆಗಾರರು ಇದಕ್ಕಾಗಿ ಪ್ರೋಗ್ರಾಂಗಳನ್ನು ಬರೆದಿದ್ದರು. ಒಂದರ ಹೆಸರು ‘ಸ್ಟೈಲ್’. ಅದು ವಾಕ್ಯದ ಉದ್ದ ಎಷ್ಟು, ‘ಮಾಡಲಾಯಿತು’ ಎಂಬಂಥ ಕರ್ಮಣಿ ಪ್ರಯೋಗ ಎಷ್ಟು ಎಂದು ಎಣಿಸುತ್ತಿತ್ತು. ಇನ್ನೊಂದು ‘ಡಿಕ್ಷನ್’. ಸುಮ್ನೆ ಉದ್ದ ಮಾಡುವ ಪದಗುಚ್ಛಗಳ ಒಂದು ಪಟ್ಟಿ ಅದರಲ್ಲಿತ್ತು. ಅಂಥದ್ದು ಕಂಡಲ್ಲಿ ಗುರುತು ಹಾಕುತ್ತಿತ್ತು. ಇವತ್ತು ಮಂಗಳೂರು, ಮಣಿಪಾಲದ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಗ್ಲಿಷಿನಲ್ಲಿ ಕೈಪಿಡಿ ಬರೆಯುವವರು ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್, ವೇಲ್ ಇಂಥ ಬರಹ ತಿದ್ದುವ ಸಾಫ್ಟ್‌ವೇರ್‌ಗಳನ್ನು ಬಳಸುತ್ತಾರೆ. ಇವು ಹೇಳುವುದರಲ್ಲಿ ಹಳೆಯ ದೂರುಗಳು ಈಗಲೂ ಇವೆ. ವಾಕ್ಯ ಉದ್ದವಾಯಿತು, ಕರ್ಮಣಿ ಪ್ರಯೋಗ ಬಂತು, ಕಷ್ಟದ ಪದ ಬಳಸಿದಿರಿ.

ಈ ದೂರುಗಳನ್ನು ನಾನು ತಳ್ಳಿಹಾಕುವುದಿಲ್ಲ. ಕರ್ಮಣಿ ಪ್ರಯೋಗವನ್ನೇ ನೋಡೋಣ. ಪಂಪ್‌ಸೆಟ್ಟಿನ ಕೈಪಿಡಿಯಲ್ಲಿ ‘ನೀರು ತುಂಬಿದ ಬಳಿಕ ವಾಲ್ವ್ ಮುಚ್ಚಲಾಗುತ್ತದೆ’ ಎಂದು ಬರೆದಿದೆ ಎಂದುಕೊಳ್ಳಿ. ಯಾರು ಮುಚ್ಚುವುದು? ಅದು ತಾನಾಗಿ ಮುಚ್ಚಿಕೊಳ್ಳುತ್ತದೆಯಾ, ನಾನು ಹೋಗಿ ಮುಚ್ಚಬೇಕಾ? ತಾನಾಗಿ ಆಗುವುದಾದರೆ ‘ಮುಚ್ಚಿಕೊಳ್ಳುತ್ತದೆ’ ಎನ್ನಬೇಕು. ಓದುವವರು ಮಾಡಬೇಕಾದರೆ ‘ಮುಚ್ಚಿ’ ಎನ್ನಬೇಕು. ಇಂಥ ಕಡೆ ಯಂತ್ರ ಗೆರೆ ಎಳೆದರೆ ಅದು ಉಪಕಾರವೇ. ಆದರೆ ಅದೇ ಯಂತ್ರ ಲ್ಯಾಬಿನ ವರದಿಯಲ್ಲಿ ‘ಮಾದರಿಗಳನ್ನು 24 ಗಂಟೆ ಒಣಗಿಸಲಾಯಿತು’ ಎಂದಿದ್ದರೂ ಗೆರೆ ಎಳೆಯುತ್ತದೆ. ಅಲ್ಲಿ ಒಣಗಿಸಿದ್ದು ಯಾರು ಎಂಬುದು ಯಾರಿಗೂ ಬೇಡ. ಒಣಗಿತು, ಎಷ್ಟು ಹೊತ್ತು ಒಣಗಿತು, ಅಷ್ಟು ಸಾಕು. ಅದನ್ನು ಹಟ ಹಿಡಿದು ಕರ್ತರಿಗೆ ತಿರುಗಿಸಿದರೆ ಬೇಡದವರು ವಾಕ್ಯದ ಮುಂದೆ ಬಂದು ನಿಲ್ಲುತ್ತಾರೆ. ಎರಡು ವಾಕ್ಯಗಳ ರೂಪ ಒಂದೇ, ಓದುವವರ ಅಗತ್ಯ ಬೇರೆ. ಆ ಅಗತ್ಯ ತಿಳಿದಿರಬೇಕಾದದ್ದು ಬರೆಯುವವರಿಗೆ.

ಇನ್ನು ಬರಹ ಓದಲು ಎಷ್ಟು ಸುಲಭ, ಎಷ್ಟು ಕಷ್ಟ ಎಂದು ಅಂಕ ಕೊಡುವ ಸೂತ್ರಗಳು. ಫ್ಲೆಶ್-ಕಿಂಕೇಡ್ ಎನ್ನುವುದು 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಮಾಡಿದ ಲೆಕ್ಕ. ಅದು ನೋಡುವುದು ಎರಡೇ ವಿಷಯ: ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಉಚ್ಚಾರಾಂಶ. ಕನ್ನಡಕ್ಕೆ ಇದು ಹೊಂದುವುದೇ ಇಲ್ಲ. ‘ತೋಟದಲ್ಲಿರುವವರಿಗೂ’ ಎನ್ನುವುದು ನಮಗೆ ಒಂದೇ ಪದ, ಮಕ್ಕಳಿಗೂ ಅರ್ಥವಾಗುವ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಏಳೆಂಟು ಪದ ಬೇಕು. ಆ ಸೂತ್ರದ ಪ್ರಕಾರ ನಮ್ಮ ದಿನನಿತ್ಯದ ಮಾತೆಲ್ಲ ಭಾರೀ ಕಷ್ಟದ ಬರಹವಾಗಿಬಿಡುತ್ತದೆ!

ಆದರೆ ಒಂದು ನಿಯಮಾವಳಿ ನನಗೆ ಬಹಳ ಇಷ್ಟ. ವಿಮಾನ ದುರಸ್ತಿಯ ಕೈಪಿಡಿಗಳಿಗಾಗಿ ಯುರೋಪಿನವರು 1980ರ ದಶಕದಲ್ಲಿ ರೂಪಿಸಿದ ಸರಳ ಇಂಗ್ಲಿಷ್ ಅದು. ಈಗ ಅದನ್ನು ಎಎಸ್‌ಡಿ-ಎಸ್‌ಟಿಇ 100 ಎನ್ನುತ್ತಾರೆ. ಕೆಲಸದ ಸೂಚನೆಯಲ್ಲಿ ಒಂದು ವಾಕ್ಯಕ್ಕೆ 20 ಪದ ಮೀರಬಾರದು. ಒಂದು ಪದಕ್ಕೆ ಒಂದೇ ಅರ್ಥ ಇರಬೇಕು. ಸೂಚನೆಯಲ್ಲಿ ಕರ್ಮಣಿ ಬೇಡ. ಯಾಕೆ ಇಷ್ಟು ಬಿಗಿ? ವಿಮಾನ ರಿಪೇರಿ ಮಾಡುವ ಎಷ್ಟೋ ಜನರ ಮನೆಮಾತು ಇಂಗ್ಲಿಷ್ ಅಲ್ಲ. ಯಾರು ಓದುತ್ತಾರೆ ಎಂದು ಮೊದಲು ನೋಡಿ ಆಮೇಲೆ ನಿಯಮ ಮಾಡಿದ್ದಾರೆ.

ಈಗ ನಮ್ಮ ಕರಾವಳಿಯ ಜಿಲ್ಲೆಗಳನ್ನು ನೋಡಿ. ಕನ್ನಡದಲ್ಲಿ ಅಚ್ಚಾದ ಮದ್ದಿನ ಚೀಟಿ, ಯಂತ್ರದ ಕೈಪಿಡಿ ಓದುವವರ ಮನೆಮಾತು ಏನು? ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಕುಂದಾಪ್ರ ಕನ್ನಡ. ಪುಸ್ತಕದ ಕನ್ನಡವನ್ನು ಇವರು ಶಾಲೆಯಲ್ಲಿ ಕಲಿತದ್ದು. ಮಲ್ಪೆಯಲ್ಲಿ ಬೋಟಿನ ಎಂಜಿನ್ ನೋಡಿಕೊಳ್ಳುವವರಿಗೂ ಇದೇ ಮಾತು. ಹಾಗಿರುವಾಗ ‘ದ್ರಾವಣವನ್ನು ಪರಸ್ಪರ ಮಿಶ್ರಣಗೊಳಿಸಲ್ಪಡತಕ್ಕದ್ದು’ ಎಂದು ಬರೆದರೆ ಅದು ಅನ್ಯಾಯ ಅಲ್ವಾ? ಕೈಯಲ್ಲಿ ವಿಷದ ಮದ್ದು ಹಿಡಿದು ನಿಂತವರಿಗೆ ಆ ಭಾಷೆ ಕೊಡಬಾರದು.

ಕನ್ನಡದಲ್ಲಿ ಇನ್ನೊಂದು ಅಪಾಯ ಜಾಸ್ತಿ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಬೇಡ’ ‘ಬಾರದು’ ಎನ್ನುವುದೂ ಕೊನೆಗೇ ಬರುತ್ತದೆ. ‘ಮೈಲುತುತ್ತನ್ನು ಕಬ್ಬಿಣದ ಅಥವಾ ತಗಡಿನ ಪಾತ್ರೆಯಲ್ಲಿ ನೀರು ಹಾಕಿ ಕರಗಿಸಿ ಸುಣ್ಣದ ನೀರಿನೊಂದಿಗೆ ಬೆರೆಸಿ ಇಡಬಾರದು.’ ಕೊನೆಯ ಪದದವರೆಗೂ ಇದು ಮಾಡಬೇಕಾದ ಕೆಲಸದ ಹಾಗೆಯೇ ಕೇಳುತ್ತದೆ. ಓದುತ್ತಾ ಓದುತ್ತಾ ಕೆಲಸ ಶುರು ಮಾಡಿದರೆ ಏನು ಗತಿ? ‘ಕಬ್ಬಿಣದ ಪಾತ್ರೆ ಬೇಡ. ತಗಡಿನದ್ದೂ ಬೇಡ. ಪ್ಲಾಸ್ಟಿಕ್ ಡ್ರಮ್ ಬಳಸಿ.’ ಹೀಗೆ ಒಡೆದು ಹೇಳಬೇಕು. ಇಂಗ್ಲಿಷಿನಲ್ಲಿ ‘ಡು ನಾಟ್’ ಮೊದಲೇ ಬರುವುದರಿಂದ ಅಲ್ಲಿ ಉದ್ದ ವಾಕ್ಯವನ್ನೂ ಸ್ವಲ್ಪ ಸಹಿಸಬಹುದು. ನಮ್ಮಲ್ಲಿ ಎಚ್ಚರಿಕೆಯ ಮಾತು ಗಿಡ್ಡವಾಗಿಯೇ ಇರಬೇಕು.

ಸುರತ್ಕಲ್, ಮಣಿಪಾಲ, ನಿಟ್ಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಕೇಳುತ್ತಿದ್ದರೆ ಒಂದು ಮಾತು. ಇಂಗ್ಲಿಷಿನ ನಿಯಮಗಳನ್ನು ತಂದು ಕನ್ನಡಕ್ಕೆ ಅಂಟಿಸಬೇಡಿ. ನಮ್ಮ ಬರಹದ ತೊಂದರೆಗಳನ್ನೇ ಹುಡುಕುವ ಒಂದು ಪುಟ್ಟ ಪ್ರೋಗ್ರಾಂ ಮಾಡಿ. ಸೂಚನೆಯ ಸಾಲಿನಲ್ಲಿ ‘ಲಾಗುತ್ತದೆ’, ‘ಲ್ಪಡುತ್ತದೆ’ ಬಂದರೆ ಅದು ‘ಯಾರು ಮಾಡಬೇಕು?’ ಎಂದು ಕೇಳಲಿ. ‘ಬಾರದು’, ‘ಬೇಡಿ’ ಇರುವ ವಾಕ್ಯ ಉದ್ದವಾದರೆ ಎಚ್ಚರಿಸಲಿ. ಒಂದೇ ಚೀಟಿಯಲ್ಲಿ ಒಮ್ಮೆ ಮೈಲುತುತ್ತು, ಒಮ್ಮೆ ಕಾಪರ್ ಸಲ್ಫೇಟ್, ಇನ್ನೊಮ್ಮೆ ತಾಮ್ರದ ಸಲ್ಫೇಟ್ ಎಂದಿದ್ದರೆ ತೋರಿಸಲಿ. ಮೂರು ಬೇರೆ ಬೇರೆ ಸಾಮಾನು ತರಬೇಕೇನೋ ಎಂದು ಓದುವವರು ತಿಳಿದುಕೊಳ್ಳಬಹುದು. ಇದಕ್ಕೆಲ್ಲ ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ. ಪದದ ಕೊನೆ ನೋಡುವ ಕೆಲವು ಸಾಲು, ಒಂದು ಪದಪಟ್ಟಿ ಇದ್ದರೆ ಶುರು ಮಾಡಬಹುದು.

ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬುದನ್ನು ಮಾತ್ರ ಆ ಪ್ರೋಗ್ರಾಂ ಕೇಳುವುದಿಲ್ಲ. ಅದಕ್ಕೆ ಚೀಟಿಯನ್ನು ಅಚ್ಚಿಗೆ ಕೊಡುವ ಮೊದಲು ತೋಟಕ್ಕೆ ತೆಗೆದುಕೊಂಡು ಹೋಗಿ. ಮದ್ದು ಬಿಡುವವರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿ ಹಾಗೆಯೇ ಮಾಡಿ ತೋರಿಸಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ಕೈ ತಡೆದು ನಿಮ್ಮ ಮುಖ ನೋಡುತ್ತಾರೋ ಆ ಸಾಲನ್ನು ಅಲ್ಲೇ ತಿದ್ದಿ, ಅವರು ಬಳಸುವ ಮಾತಿನಲ್ಲೇ ಬರೆಯಿರಿ.

ನಮಸ್ಕಾರ.