ಒತ್ತಿ ಕೂರಿಸಿ: ಪುಟ್ಟ ಮಕ್ಕಳಿಗೆ ಕಾಗದದ ಹೆಣಿಗೆ

ಕೇಳುಗರಿಗೆ ನಮಸ್ಕಾರ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಲ್.ಪಿ., ಅಂದರೆ ಕಿರಿಯ ಪ್ರಾಥಮಿಕ, ಶಾಲೆಗಳ ಟೀಚರುಗಳು, ಮಾಷ್ಟ್ರುಗಳು ರೇಡಿಯೋ ಹತ್ತಿರ ಇದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ವಿಷಯ ಕಾಗದ ಹೆಣೆಯುವುದು. ನಾನು ಹೇಳುವುದು ಮುಖ್ಯವಾಗಿ ಒಂದೇ: ಪಟ್ಟಿ ದಾಟಿಸಿದ ಕೂಡಲೇ ಅದನ್ನು ಒತ್ತಿ ಕೂರಿಸಬೇಕು. ಆಮೇಲೆ ಇನ್ನೊಂದು ಪಟ್ಟಿ.

ಮೊದಲು ತಯಾರಿ. ಚಾರ್ಟ್ ಪೇಪರಿನಲ್ಲಿ 20 ಸೆಂ.ಮೀ. ಚೌಕ ಕತ್ತರಿಸಿ ನಡುವಿಗೆ ಮಡಚಿ. ಮಡಿಕೆಯ ಎದುರಿನ ಬಿಡಿ ಅಂಚಿನಿಂದ 2 ಸೆಂ.ಮೀ. ಒಳಗೆ ಪೆನ್ಸಿಲಿನ ಗೆರೆ ಎಳೆಯಿರಿ. ಕತ್ತರಿ ಮಡಿಕೆಯಿಂದ ಹೊರಟು ಆ ಗೆರೆಯಲ್ಲಿ ನಿಲ್ಲಬೇಕು. 2 ಸೆಂ.ಮೀ.ಗೆ ಒಂದರಂತೆ 9 ಸೀಳು. ಬಿಡಿಸಿದರೆ 10 ಹಾಸು, ಅಂದರೆ ಉದ್ದಕ್ಕೆ ನಿಲ್ಲುವ ಪಟ್ಟಿ, ಮೇಲೆ ಕೆಳಗೆ ಗಟ್ಟಿ ಅಂಚು. ಬಿಡಿ ಅಂಚಿನಿಂದ ಕತ್ತರಿಸಿದರೆ ಬಾಚಣಿಗೆಯ ಹಲ್ಲುಗಳಾಗುತ್ತವೆ, ಆ ಕಾಗದ ಇನ್ನು ಉಪಯೋಗಕ್ಕಿಲ್ಲ. ಅದಕ್ಕೇ ಮಡಿಕೆಯ ಮೇಲೆ ಒಂದು ಬಣ್ಣದ ಚುಕ್ಕಿ ಇಡಿಸಿ, "ಕತ್ತರಿ ಚುಕ್ಕಿಯಿಂದ ಹೊರಡಲಿ" ಎನ್ನಿ. ಒಂದನೇ ತರಗತಿಗೆ 4 ಸೆಂ.ಮೀ. ಅಗಲ ಸಾಕು. 4 ಸೀಳು, 5 ಹಾಸು, 4 ಹೊಕ್ಕು, ಅಂದರೆ ಅಡ್ಡಕ್ಕೆ ದಾಟಿಸುವ ಪಟ್ಟಿ. ಅವರ ಚೌಕವನ್ನು ನೀವೇ ಕತ್ತರಿಸಿ ಕೊಡಿ.

ಹೊಕ್ಕಿಗೆ ಬೇರೆ ಬಣ್ಣ. 2 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ. ಹಳೆಯ ಕ್ಯಾಲೆಂಡರಿನ ಹಾಳೆ ಚೆನ್ನಾಗಿ ಆಗುತ್ತದೆ. ಪೇಪರು, ಅಂದರೆ ದಿನಪತ್ರಿಕೆ, ಬೇಡ. ಒತ್ತುವಾಗ ಮುದುಡುತ್ತದೆ.

ಮೊದಲ ಪಟ್ಟಿ ಅಡಿ, ಮೇಲೆ, ಅಡಿ, ಮೇಲೆ. ಮಕ್ಕಳು ಬಾಯಲ್ಲಿ ಹೇಳುತ್ತಲೇ ದಾಟಿಸಲಿ. ದಾಟಿತಾ? ದೂರದ ಅಂಚಿನ ಕಡೆಗೆ ಒತ್ತಿ. ಎರಡು ಹೆಬ್ಬೆರಳಿನಲ್ಲಿ ಎರಡು ತುದಿಯನ್ನೂ ಒಟ್ಟಿಗೆ ನೂಕಿ, ಆಮೇಲೆ ನಡುವನ್ನು. ಒಂದೇ ತುದಿ ನೂಕಿದರೆ ಪಟ್ಟಿ ಓರೆಯಾಗುತ್ತದೆ, ಅದರ ಹಿಂದೆ ಬಂದದ್ದೆಲ್ಲ ಓರೆ. ಎರಡನೇ ಪಟ್ಟಿ ಮೇಲೆ, ಅಡಿ, ಮೇಲೆ, ಅಡಿ ಎಂದು ಶುರು. ಅದನ್ನೂ ಒತ್ತಿ.

ಹಾಸುಹೊಕ್ಕು ಎಂದು ನಾವು ದಿನಾ ಆಡುವ ಮಾತು ಮಗ್ಗದ್ದು. ಕಾಸರಗೋಡು ಸೀರೆ ನೇಯುವ ಕೈಮಗ್ಗದ ಎದುರು ಮಕ್ಕಳನ್ನು ಐದು ನಿಮಿಷ ನಿಲ್ಲಿಸಿ. ಹೊಕ್ಕಿನ ನೂಲು ಹೊತ್ತ ಲಾಳಿ ಈಚೆಯಿಂದ ಆಚೆಗೆ ಓಡುತ್ತದೆ. ಬೆನ್ನಿಗೇ ಹಲಗೆ ಬಂದು ಟಕ್ ಎಂದು ಬಡಿಯುತ್ತದೆ. ಲಾಳಿ ಮತ್ತೆ ಈಚೆಗೆ, ಮತ್ತೆ ಟಕ್. ಈಗ ಹೊಕ್ಕ ಎಳೆಯನ್ನು ಹಿಂದಿನ ಎಳೆಗೆ ಅಂಟಿಸಿ ಕೂರಿಸುವುದು ಆ ಬಡಿತ. ಒಂದು ಎಳೆಗೂ ಅದು ತಪ್ಪುವುದಿಲ್ಲ. ಬಡಿಯದೆ ನೇಯ್ದರೆ ಸಿಗುವುದು ಸೀರೆಯಲ್ಲ, ಬಲೆ. ಮಗ್ಗ ದೂರವಾದರೆ ಮಡಲು ಇದೆಯಲ್ಲ! ತೆಂಗಿನ ಮಡಲನ್ನು ದಿಂಡಿನ ಉದ್ದಕ್ಕೆ ಸೀಳಿ, ನೀರಲ್ಲಿ ನೆನೆಹಾಕಿ, ಗರಿಯನ್ನು ಒಂದರ ಅಡಿ, ಒಂದರ ಮೇಲೆ ದಾಟಿಸಿ ಹೆಣೆಯುತ್ತಾರೆ. ಹೆಣೆಯುವವರ ಕೈ ನೋಡಿ. ಗರಿ ದಾಟಿದ್ದೇ ತಡ, ಎಳೆದು ಬಿಗಿಯುತ್ತದೆ. ಸಡಿಲ ಹೆಣೆದ ಮಡಲಿನ ಮಾಡು ಮೊದಲ ಮಳೆಗೇ ಸೋರುತ್ತದೆ. ಯಾವುದಾದರೂ ಮಗುವಿನ ಮನೆಯ ಅಜ್ಜಿಗೆ ಈ ಕೆಲಸ ಗೊತ್ತಿದ್ದರೆ ಒಂದು ಪಿರಿಯಡ್ ಶಾಲೆಗೆ ಕರೆಸಿ. ನನ್ನ ಈ ಭಾಷಣಕ್ಕಿಂತ ಅವರ ಎರಡು ಕೈ ಹೆಚ್ಚು ಕಲಿಸುತ್ತದೆ.

ಕಾಗದಕ್ಕೇ ಬರೋಣ. ಸೀಳಿನ ಉದ್ದ 16 ಸೆಂ.ಮೀ. ಲೆಕ್ಕಕ್ಕೆ 8 ಪಟ್ಟಿ ಹಿಡಿಯಬೇಕು. ಒತ್ತದ ಮಗುವಿಗೆ ಆರಕ್ಕೇ ಜಾಗ ಮುಗಿಯುತ್ತದೆ. ಏಳನೆಯದನ್ನು ತುರುಕಲು ಹೋಗಿ ಹಾಸು ಹರಿಯುತ್ತದೆ, ಮಗು ಅಳುತ್ತದೆ, ನಾವು "ನಿನಗೆ ಬರುವುದಿಲ್ಲ" ಎನ್ನುತ್ತೇವೆ. ದಯವಿಟ್ಟು ಹಾಗೆ ಹೇಳಬೇಡಿ. ಮಗು ಹೆಣೆದದ್ದು ಸರಿಯೇ ಇದೆ, ಒತ್ತಿಲ್ಲ ಅಷ್ಟೆ. ಮೊದಲ ಪಟ್ಟಿಯಿಂದ ಒಂದೊಂದಾಗಿ ಸರಿಸಿ ತೋರಿಸಿ, ಜಾಗ ತಾನಾಗಿ ಬಿಡುತ್ತದೆ. ಕಾಗದದ ದಪ್ಪಕ್ಕೆ ಎಂಟನೆಯದು ಬಿಗಿಯಾದರೆ ಅದರ ಅಂಚನ್ನು ನೂಲಿನಷ್ಟು ಕತ್ತರಿಸಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಬೇಗ. ಒಂದೇ ಬಣ್ಣದ ಎರಡು ಮನೆ ಒಂದರ ಪಕ್ಕ ಒಂದು ಬಂದರೆ ಅಲ್ಲಿ ದಾಟು ತಪ್ಪಿದೆ. ಮಗುವೇ ಹುಡುಕಿ ಬಿಚ್ಚಲಿ, ನೀವು ಕೈ ಹಾಕಬೇಡಿ. ಎಡಗೈ ಮಕ್ಕಳು ಬಲಗಡೆಯಿಂದ ಶುರು ಮಾಡಲಿ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಪಟ್ಟಿಗಳನ್ನು ದಪ್ಪ ಪುಸ್ತಕದ ಒಳಗೆ ಇಟ್ಟಿರಿ. ನಾಲ್ಕನೇ ತರಗತಿಯವರಿಗೆ ಎರಡು ಮೇಲೆ, ಎರಡು ಅಡಿ ಕೊಡಿ. ಪ್ರತಿ ಸಾಲಿಗೂ ಒಂದು ಹಾಸು ಮುಂದೆ ಸರಿದರೆ ಮೆಟ್ಟಿಲಿನಂತೆ ಓರೆ ವಿನ್ಯಾಸ ಬರುತ್ತದೆ. ಶಾಲಾ ಮಕ್ಕಳ ಕೈಕೆಲಸದ ವೃತ್ತಿ ಪರಿಚಯ ಮೇಳಕ್ಕೆ ಕಳಿಸುವುದಾದರೂ ಹೆಣಿಗೆ ಮಗುವಿನದ್ದೇ ಇರಲಿ.

ಇನ್ನು ಅಂಟು. ಎಂಟೂ ಪಟ್ಟಿ ಒತ್ತಿ ಕೂರುವ ತನಕ ಅಂಟಿನ ಡಬ್ಬಿ ಅಲಮಾರಿನಲ್ಲೇ ಇರಲಿ, ಅಂಟಿದ ಪಟ್ಟಿ ಸರಿಯುವುದಿಲ್ಲ. ಆಮೇಲೆ ತುದಿ ತುದಿಗೆ ಅಕ್ಕಿಕಾಳಿನಷ್ಟು ಹಚ್ಚಿಸಿ. ನಮಸ್ಕಾರ.